ಇಲಿಗಳ ಮಲ್ಲಣ್ಣ

ನಮ್ಮ ಮಲ್ಲಣ್ಣನ ಅಂಗೈ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ಹೈದರಾಬಾದಿನ ಪ್ರಯೋಗಶಾಲೆಯೊಂದರಲ್ಲಿ ಇಲಿಗಳಿಗೆ ಸೂಜಿ ಹಾಕುವುದು ಅವನ ಕೆಲಸ. ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರಿನ ಗಡ್ಡೆಯನ್ನು ಆ ಇಲಿಗಳ ಮೈಯಲ್ಲಿ ಬೆಳೆಸುತ್ತಿದ್ದರು. ಬಾಲದ ನರಕ್ಕೆ ವಿಕಿರಣ ಬೆರೆಸಿದ ಔಷಧ ಕೊಟ್ಟು, ಅದು ಎಲ್ಲಿ ಹೋಗಿ ಕೂಡುತ್ತದೆಂದು ಯಂತ್ರದಲ್ಲಿ ಚಿತ್ರ ತೆಗೆಯುತ್ತಿದ್ದರು. "ಇಲಿ ಥಂಡಿ ಇದ್ರ ನರ ಸಿಗಂಗಿಲ್ಲ ತಂಗಿ, ಮೊದ್ಲು ಅಂಗೈಯಾಗ ಹಿಡದು ಬೆಚ್ಚಗ ಮಾಡಬೇಕು," ಎನ್ನುತ್ತಿದ್ದ ಅಣ್ಣ.

ಅವ್ವನಿಗೆ ಆ ಔಷಧದ ಭಯ. ಅವನು ಯಾದಗಿರಿಯಲ್ಲಿ ರೈಲು ಇಳಿದು, ಬಸ್ಸು ಹಿಡಿದು ರಂಗಂಪೇಟೆಗೆ ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದಳು.

"ಅಲ್ಲೇ ನಿಂದ್ರು. ಜಳಕ ಮಾಡಿ ಒಳಗ ಬಾ."

"ಯವ್ವಾ, ಅದರ ಜೋರು ತಾಸೆರಡು ತಾಸಿಗೆ ಇಳೀತದ. ನಾ ರೈಲು ಹತ್ತೂದ್ರಾಗ ಅದು ಸತ್ತಿರ್ತದ."

"ಸತ್ತದಂತನ ಜಳಕ ಮಾಡು ಅನ್ನಾಕತ್ತೇನಿ!"

ಅವನು ನಗುತ್ತ ಬಚ್ಚಲಿಗೆ ನಡೆಯುತ್ತಿದ್ದ.

ಒಮ್ಮೆ ಫೋನಿನಲ್ಲಿ ನನಗೊಂದು ಇಲಿಯ ಚಿತ್ರ ತೋರಿಸಿದ. ಮೈಯೊಳಗೆ ಅಲ್ಲಲ್ಲಿ ಬೆಂಕಿ ಹೊತ್ತಿದಂತಿತ್ತು. ನಾನು ಹೆದರಿದೆ. "ಇವು ಮೂತ್ರಪಿಂಡ, ಇದು ಉಚ್ಚಿ ಚೀಲ. ಔಷಧ ಹೊರಗ ಹೋಗೋ ದಾರಿ, ಇದಕ್ಕ ಅಂಜಬ್ಯಾಡ. ಭುಜದ ಮ್ಯಾಲಿಂದು ನೋಡು, ಅದು ಗಡ್ಡಿ," ಎಂದ. ಆಮೇಲೆ ಆ ಇಲಿಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಫೋನು ಜೇಬಿಗಿಟ್ಟು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ವಿಚಾರಿಸಿದ.

ಐವತ್ತು ದಾಟಿದ ಮೇಲೆ ಅದೇ ಕಾಯಿಲೆ ಅವನಿಗೂ ಬಂತು. ಬೇರೆ ಕಡೆ ಹರಡಿದೆಯೋ ಇಲ್ಲವೋ ನೋಡಲು ಅಂಥದೇ ಔಷಧ, ಅಂಥದೇ ಯಂತ್ರ. ಜೊತೆಗೆ ನಾನು ಹೋಗಿದ್ದೆ. ಒಳಗೆ ಕರೆಯುವ ಮುಂಚೆ ನನ್ನ ಮಣಿಕಟ್ಟು ಹಿಡಿದುಕೊಂಡ. ಅಂಗೈ ತಣ್ಣಗೆ ಬೆವೆತಿತ್ತು.

"ಇಲಿಗೆ ನಿದ್ದಿ ಬರಿಸಿ ಮಲಗಿಸ್ತೀವಿ ಶಾಂತಾ. ಅದಕ್ಕೇನೂ ತಿಳಿಯಂಗಿಲ್ಲ. ನನ್ನ ಎಚ್ಚರ ಇಟ್ಟು ಮಲಗಿಸ್ತಾರ."

ಅಷ್ಟು ವರ್ಷದಲ್ಲಿ ಅವನು ಅಂಜಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಚಿತ್ರ ಕೈಗೆ ಬಂದ ಮೇಲೆ ರಂಗಂಪೇಟೆಗೆ ಬಂದೆವು. ಅವ್ವ ಈ ಸಲ ಜಳಕದ ಮಾತೆತ್ತಲಿಲ್ಲ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿ ಹಾಳೆಯ ಮೇಲೆ ಮನುಷ್ಯನ ಆಕಾರ, ಅದರಲ್ಲಿ ಕಪ್ಪು ಗುರುತುಗಳು.

"ಇವೇನಪ್ಪಾ ಕರ್ರಗ?"

"ಮೂತ್ರಪಿಂಡ ಯವ್ವಾ. ಕೆಳಗಿಂದು ಉಚ್ಚಿ ಚೀಲ. ಎಲ್ಲಾರಿಗೂ ಹಿಂಗೇ ಇರ್ತದ."

ಅವಳ ಬೆರಳು ಬೆನ್ನೆಲುಬಿನ ಉದ್ದಕ್ಕೂ ಇದ್ದ ಚುಕ್ಕೆಗಳ ಮೇಲೆ ನಿಂತಿತು. "ಇವು?"

"ಅವೂ ಔಷಧ ಹೋಗೋ ದಾರಿನೇ."

ಔಷಧದ ದಾರಿ ಬೆನ್ನೆಲುಬಿನಲ್ಲಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವುದರೊಳಗೆ ಅಣ್ಣ ನನ್ನತ್ತ ನೋಡಿದ. ಅವ್ವ ಹಾಳೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮಾಡದಲ್ಲಿಟ್ಟಳು. ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದಳು.

ಮರುದಿನ ಅವನನ್ನು ಬಸ್ಸಿಗೆ ಹತ್ತಿಸಿದೆ. "ಆಕಿ ನಿದ್ದಿ ಮಾಡ್ಲಿ," ಎಂದಷ್ಟೇ ಹೇಳಿದ. ಅವನು ನಡೆದಾಡಿದ್ದನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ಸಲ ಹೈದರಾಬಾದಿನಿಂದ ಬಂದದ್ದು ಅವನ ದೇಹ.

ಅವ್ವ ಈಗಲೂ ಆ ಹಾಳೆಯನ್ನು ತೆಗೆದು ನೋಡುತ್ತಾಳೆ. "ಎಲ್ಲಾ ಛಲೋ ಇತ್ತಲ್ಲ ಶಾಂತಾ. ಮತ್ತ ನನ್ನ ಮಗ ಹೆಂಗ ಹೋದ?" ಎಂದು ಕೇಳುತ್ತಾಳೆ.

ಪ್ರತಿ ಸಲವೂ ಹಾಳೆಯನ್ನು ಅವಳ ಕೈಯಿಂದ ಮೆಲ್ಲಗೆ ಇಸಿದುಕೊಂಡು, ಊಟಕ್ಕೆ ಏಳು ಅನ್ನುತ್ತೇನೆ.