ಕಂಪ್ಯೂಟರಿನ ಕಣ್ಣಿಗೆ ಅತ್ತಿಗೆಯ ಬೊಟ್ಟು

ನನ್ನ ಅತ್ತಿಗೆಯ ಬೊಟ್ಟು ಎಂದೂ ಹಣೆಯ ನಡುವೆ ಇರುತ್ತಿರಲಿಲ್ಲ. ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ಸರಿದಿರುತ್ತಿತ್ತು. ಕಡುಗೆಂಪು ಬಣ್ಣದ ಪುಟ್ಟ ಸ್ಟಿಕ್ಕರ್ ಬೊಟ್ಟು. ಕನ್ನಡಿ ನೋಡದೆ, ನಡೆಯುತ್ತಲೇ ಇಟ್ಟುಕೊಳ್ಳುವವಳು ಅವಳು. ಕೆಲವು ದಿನ ಎರಡೆರಡು ಸಲ ಇಟ್ಟುಕೊಳ್ಳಬೇಕಾಗುತ್ತಿತ್ತು, ಏಕೆಂದರೆ ಮೊದಲಿನದು ಆಫೀಸಿನ ಯಾವುದಾದರೊಂದು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಹೋಗಿಬಿಟ್ಟಿರುತ್ತಿತ್ತು.

ಮೊದಲ ಸಲ ಇದು ನಡೆದಾಗ ಅವಳು ಅಣ್ಣನನ್ನು ಮದುವೆಯಾಗಿ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ತಮಿಳುನಾಡಿನ ಕಂಬಂನಲ್ಲಿ ನಮ್ಮದು ಏಲಕ್ಕಿ ವ್ಯಾಪಾರ. ಮನೆಯ ಮುಂಭಾಗವೇ ಆಫೀಸು. ಅಪ್ಪನಿಗೆ ಕಾಫಿ ತಂದವಳು ಲೋಟ ಇಟ್ಟು, ಅಪ್ಪನ ಲ್ಯಾಪ್‌ಟಾಪನ್ನೇ ಸ್ವಲ್ಪ ಹೊತ್ತು ನೋಡಿ, ಹಣೆಯ ಬೊಟ್ಟನ್ನು ಕಿತ್ತು ಪರದೆಯ ಮೇಲಂಚಿನ ಕ್ಯಾಮೆರಾಕ್ಕೆ ಅಂಟಿಸಿದಳು.

"ಮಾವಾ, ಇದು ಕಣ್ಣು. ಬೇಕಾದಾಗ ತೆಗೀರಿ. ಮಿಕ್ಕ ಹೊತ್ತು ಮುಚ್ಚಿರ್ಲಿ."

ನಡುಬಾಗಿಲಲ್ಲಿ ನಿಂತಿದ್ದ ಅಜ್ಜಿ ಗಾಬರಿಯಾದಳು. "ಏನಮ್ಮಾ ಇದು, ಹೊಸ ಹೆಣ್ಣು, ಬರೀ ಹಣೇಲಿ ನಿಂತೀಯಲ್ಲ?"

"ನಂಗೆ ಇನ್ನೊಂದು ಐತೆ ಅಜ್ಜಿ. ಪಾಪ, ಮಿಷಿನ್ಗೆ ಇದೊಂದೇ."

ಅಪ್ಪ ಗಟ್ಟಿಯಾಗಿ ನಕ್ಕರು. ಅವರ ಪಕ್ಕದ ಕುರ್ಚಿಯಲ್ಲಿ ಮೂರು ವರ್ಷದಿಂದ ಕೂತಿದ್ದವಳು ನಾನು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಎರಡೇ ಸಾಲು: "ಇವತ್ತು ಅಪ್ಪ ಆಫೀಸಿನಲ್ಲಿ ನಕ್ಕರು. ಕಾರಣ ನಾನಲ್ಲ."

ಡೈರಿಯನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಅದರಲ್ಲಿ ಅರ್ಧ ತಮಿಳು ಬೆರೆತಿರುತ್ತದೆ. ಓದುಬರಹ ಮಾತ್ರ ಎಲ್ಲರದೂ ತಮಿಳೇ. ಅಕ್ಷರಗಳನ್ನು ನಾನು ಫೋನಿನಲ್ಲಿ ನೋಡಿ ಕಲಿತೆ. ಭಾಷೆಯ ಮೇಲಿನ ಪ್ರೀತಿ ಆಮೇಲೆ ಬಂತು. ಶುರುಮಾಡಿದ್ದು ಮನೆಯಲ್ಲಿ ಬೇರೆ ಯಾರೂ ಓದಲಾರರು ಎಂಬ ಕಾರಣಕ್ಕೆ. ಒಂದು ಸಲ ಅತ್ತಿಗೆ ಮೇಜಿನ ಮೇಲೆ ತೆರೆದಿದ್ದ ಪುಟ ನೋಡಿ, "ಈ ಮನೇಲಿ ಒಳ್ಳೇ ಬೀಗ ಇದೊಂದೇ ಪಾಪಾ" ಅಂದಳು; ನನ್ನನ್ನು ಅವಳು ಕರೆಯುವುದೇ ಹಾಗೆ. ಆ ಪುಟದ ತುಂಬ ಅವಳ ಮೇಲಿನ ಹೊಟ್ಟೆಕಿಚ್ಚೇ ಇತ್ತು. ಅವಳು ಮೆಚ್ಚಿ ನೋಡಿ ಮುಂದೆ ಹೋದಳು.

ಹೊಟ್ಟೆಕಿಚ್ಚಿಗೆ ಕಾರಣ ಸಣ್ಣದಲ್ಲ. ತೇನಿಯಲ್ಲಿ ಬಿ.ಕಾಂ. ಮುಗಿಸಿ ಬಂದ ಮೇಲೆ ಆಫೀಸಿನ ಆರು ಕಂಪ್ಯೂಟರುಗಳೂ ನನ್ನವೇ ಆಗಿದ್ದವು. ಬಿಲ್ಲು, ತೆರಿಗೆ, ಉತ್ತರದ ವ್ಯಾಪಾರಿಗಳಿಗೆ ಕಳಿಸುವ ಈಮೇಲು, ಎಲ್ಲ ನನ್ನ ಕೈಯಲ್ಲಿ. ಪ್ರಿಂಟರ್ ನಿಂತರೆ ನನ್ನನ್ನು ಕೂಗುತ್ತಿದ್ದರು. ಆ್ಯಂಟಿವೈರಸ್ ಹಾಕಿಸಿದ್ದೂ ನಾನೇ, ಹಾಕಿಸಿದ ತಾರೀಖು ಬರೆದಿಟ್ಟಿದ್ದೂ ನಾನೇ. ಅತ್ತಿಗೆ ಮದುವೆಗೆ ಮೊದಲು ವೇದಸಂದೂರಿನ ಒಂದು ನೂಲಿನ ಮಿಲ್ಲಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಅಪ್ಪನೇ, "ಕೊಂಚ ನಮ್ದೂ ನೋಡಮ್ಮಾ" ಎಂದು ಅವಳನ್ನು ಆಫೀಸಿನೊಳಕ್ಕೆ ಕರೆದರು.

ಅವಳು ಮೊದಲು ಕೇಳಿದ್ದು ಕಂಪ್ಯೂಟರಿನ ವಿಷಯವೇ ಅಲ್ಲ. "ಇದ್ರಾಗೆ ಯಾರ್ಯಾರು ಕೂತ್ಕತಾರೆ?"

"ಎಲ್ರೂ" ಅಂದೆ.

ನಿಜಕ್ಕೂ ಎಲ್ಲರೂ ಕೂರುತ್ತಿದ್ದರು. ನಮ್ಮವರಲ್ಲಿ ನೆಂಟರಿಗೆ ಬಾಗಿಲು ಮುಚ್ಚುವುದೆಂದರೆ ಜಗಳಕ್ಕೆ ಕರೆದ ಹಾಗೆ. ಅದೇ ರೀತಿಯನ್ನು ನಾವು ಕಂಪ್ಯೂಟರುಗಳಿಗೂ ತಂದಿದ್ದೆವು. ಆರಕ್ಕೂ ಒಂದೇ ಪಾಸ್‌ವರ್ಡ್: ಮನೆದೇವರ ಹೆಸರು, ಅದರ ಹಿಂದೆ ಒಂದು ಎರಡು ಮೂರು. ಅದು ಬತ್ತಲಗುಂಡಿನ ಸೋದರಮಾವನಿಗೂ ಗೊತ್ತು, ಚಿನ್ನಾಳಪಟ್ಟಿಯ ಚಿಕ್ಕಮ್ಮನ ಅಳಿಯನಿಗೂ ಗೊತ್ತು. ಬಂದವರು ಬಾಗಿಲ ಹತ್ತಿರದ ಕಂಪ್ಯೂಟರಿನಲ್ಲಿ ಕೂತು ಜಾತಕವನ್ನೋ ಟಿಕೆಟನ್ನೋ ಪ್ರಿಂಟ್ ತೆಗೆದುಕೊಂಡು, ಊಟ ಮಾಡಿ ಹೋಗುತ್ತಿದ್ದರು.

ಅವತ್ತಿನಿಂದ ಅತ್ತಿಗೆಯ ಬಾಯಲ್ಲಿ ಒಂದು ಮಾತು ಶುರುವಾಯಿತು: "ಎದ್ರೆ ಮುಚ್ಚು." ಕುರ್ಚಿಯಿಂದ ಯಾರು ಎದ್ದರೂ ಪರದೆಗೆ ಬೀಗ ಹಾಕಿ ಏಳಬೇಕು. ಅಪ್ಪ ನೀರು ಕುಡಿಯಲು ಎದ್ದರೂ ಬೆನ್ನ ಹಿಂದಿನಿಂದ ಮೆಲ್ಲಗೆ ಬರುತ್ತಿತ್ತು, "ಎದ್ರೆ ಮುಚ್ಚು ಮಾವಾ." ಕೆಲವೇ ವಾರಗಳಲ್ಲಿ ಅಜ್ಜಿ ಅಡುಗೆಮನೆಯ ಹಾಲಿನ ಪಾತ್ರೆಗೂ ಅದನ್ನೇ ಹೇಳತೊಡಗಿದಳು. ನಾನು ಮಾತ್ರ ಅತ್ತಿಗೆ ಹೇಳುವ ಮೊದಲೇ ಮುಚ್ಚುತ್ತಿದ್ದೆ, ಅವಳಿಂದ ಹೇಳಿಸಿಕೊಳ್ಳಬಾರದೆಂದು. ಅಪ್ಪ ಯಾವುದಕ್ಕಾದರೂ "ಅತ್ತಿಗೇನ ಕೇಳು" ಅಂದಾಗಲೆಲ್ಲ ಡೈರಿಯ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಬರಬರುತ್ತಾ ಅಂಚು ಸಾಲದಾಯಿತು.

ಹೀಗಿರುವಾಗ ಒಂದು ದಿನ ಉತ್ತರದ ನಮ್ಮ ಹಳೆಯ ವ್ಯಾಪಾರಿಯೊಬ್ಬರು ಅಪ್ಪನಿಗೆ ಫೋನ್ ಮಾಡಿದರು. ಇನ್ನು ಮುಂದೆ ದುಡ್ಡನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿ ಎಂದು ನಮ್ಮಿಂದ ಈಮೇಲ್ ಬಂದಿದೆ, ಹಾಕುವ ಮುನ್ನ ಒಂದು ಮಾತು ಕೇಳೋಣ ಅನ್ನಿಸಿತು ಎಂದರು. ಅಂಥ ಖಾತೆ ನಮಗೆ ಇರಲೇ ಇಲ್ಲ. ಆದರೆ ಈಮೇಲ್ ಹೋಗಿದ್ದು ನಮ್ಮ ವಿಳಾಸದಿಂದಲೇ. ನಾನು ಯಾವಾಗಲೂ ಬರೆಯುವ ಒಕ್ಕಣೆ, ನಾನು ಹಾಕುವ ಕೊನೆಯ ಸಾಲು, ಕೆಳಗೆ ನನ್ನ ಹೆಸರು.

ಅಪ್ಪ ಫೋನ್ ಕೆಳಗಿಟ್ಟರು. ಅಣ್ಣನಿದ್ದ, ಅತ್ತಿಗೆಯಿದ್ದಳು, ತೂಕ ಹಾಕುವವರು ಬಾಗಿಲಲ್ಲಿದ್ದರು. ಆಮೇಲೆ ನನ್ನತ್ತ ತಿರುಗಿ, ಮುದ್ದಿಗೆ ಕರೆಯುವ 'ಕಣ್ಣು' ಎಂಬ ಹೆಸರಿನಲ್ಲೇ, ಬಹಳ ಮೆಲ್ಲಗೆ ಕೇಳಿದರು, "ನೀನಾ ಕಣ್ಣು?"

ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಈಮೇಲಿನ ಪಾಸ್‌ವರ್ಡ್ ತಿಳಿದಿದ್ದವರು ಅಪ್ಪ ಮತ್ತು ನಾನು ಇಬ್ಬರೇ, ಅದನ್ನು ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ.

"ಇವ್ಳಲ್ಲ" ಅಂದಳು ಅತ್ತಿಗೆ.

"ನೋಡ್ದೇನೆ ಯೋಳ್ತೀಯಲ್ಲ" ಅಂದ ಅಣ್ಣ.

"ನೋಡ್ತೀನಿ. ಇವ್ಳಲ್ಲ ಮಾವಾ. ಮದ್ಲು ಬೇರೆ ಫೋನ್ನಿಂದ ಈಮೇಲಿನ ಪಾಸ್‌ವರ್ಡ್ ಬದ್ಲಾಯ್ಸಿ. ಈ ಮಿಷಿನ್ಗಳ್ನ ಯಾರೂ ಮುಟ್ಬ್ಯಾಡಿ."

ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕಳಿಸಿ, ಅವಳು ತಟ್ಟೆ ಹಿಡಿದುಕೊಂಡು ಗೋಡೆಯ ಮೂಲೆಯಲ್ಲಿ ಕೂತಳು. ಅಲ್ಲಿ ಆರೂ ಕಂಪ್ಯೂಟರುಗಳ ತಂತಿಗಳು ಬಂದು ಸೇರುವ ಚಿಕ್ಕ ಪೆಟ್ಟಿಗೆಯಿದೆ. ಒಂದೊಂದು ತಂತಿಗೆ ಒಂದೊಂದು ಹಸಿರು ದೀಪ. ನನಗೆ ಊಟ ಸೇರದೆ ಅವಳ ಪಕ್ಕವೇ ನಿಂತಿದ್ದೆ.

"ನೋಡು ಪಾಪಾ. ಎಲ್ರೂ ಉಣ್ಣಾಕೆ ಹೋದ್ರು. ಐದು ದೀಪ ಆಗೊಮ್ಮೆ ಈಗೊಮ್ಮೆ ಮಿಟುಕ್ತವೆ. ಇದೊಂದು ಬಿಡ್ದಂಗೆ ಮಾತಾಡ್ತಾ ಐತೆ. ಯಾರ್ ಕೂಟೆ?"

ಅದು ಬಾಗಿಲ ಹತ್ತಿರದ, ನೆಂಟರ ಕಂಪ್ಯೂಟರಿನ ದೀಪ. ತಂತಿ ಕಿತ್ತು ಒಳಗೆ ಹುಡುಕಿದಾಗ ಕಳ್ಳ ಸಿಕ್ಕಿದ: ಕೀಬೋರ್ಡಿನಲ್ಲಿ ಒತ್ತಿದ ಕೀಲಿಗಳನ್ನೆಲ್ಲ ಬರೆದುಕೊಂಡು, ನಡುನಡುವೆ ಪರದೆಯ ಚಿತ್ರ ತೆಗೆದು, ಎಲ್ಲಿಗೋ ಕಳಿಸುತ್ತಿದ್ದ ಒಂದು ಬೇಹುಗಾರ ಪ್ರೋಗ್ರಾಂ. ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಆದ್ದರಿಂದ ಅಲ್ಲಿಂದ ನನ್ನ ಕಂಪ್ಯೂಟರಿಗೆ ಬರುವುದು ಅದಕ್ಕೆ ಕಷ್ಟವಾಗಿರಲಿಲ್ಲ. ನಾನು ಈಮೇಲಿನ ಪಾಸ್‌ವರ್ಡ್ ಒತ್ತುವಾಗ ಅದೂ ನನ್ನ ಜೊತೆಗೆ ಬರೆದುಕೊಂಡಿತ್ತು. ನಾನು ತಾರೀಖು ಬರೆದಿಟ್ಟಿದ್ದ ಆ್ಯಂಟಿವೈರಸ್ ಬಾಗಿಲ ಕಂಪ್ಯೂಟರಿನಲ್ಲಿ ನಿಂತೇ ಹೋಗಿತ್ತು. ಪ್ರಿಂಟಿಗೆ ಅಡ್ಡ ಬರುತ್ತದೆಂದು ಯಾರೋ ಆರಿಸಿದ್ದರು. ಪ್ರೋಗ್ರಾಂ ಒಳಬಂದ ದಿನ ಅಲ್ಲಿ ತೆರೆದಿದ್ದ ಫೈಲೂ ಸಿಕ್ಕಿತು. ಅದು ಬತ್ತಲಗುಂಡಿನ ನಮ್ಮ ಮಾಮನ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರದ ಕರೆಯೋಲೆ. ಮಾಮ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಅಕ್ಷರ ತಿದ್ದಿಸಲು ಊರಿನ ಅಂಗಡಿ ಅಂಗಡಿ ಸುತ್ತಿ, ಕೊನೆಗೆ ನಮ್ಮಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದರು. ಕಳ್ಳ ಯಾವ ಅಂಗಡಿಯಲ್ಲಿ ಹತ್ತಿದನೋ ಅವರಿಗೂ ಗೊತ್ತಿರಲಿಲ್ಲ.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅತ್ತಿಗೆಗೆ, "ಇನ್ಮೇಲೆ ನನ್ ಪಕ್ಕ ಕೂತ್ಕಮ್ಮಾ" ಅಂದರು. ನನ್ನ ಕುರ್ಚಿ ಕಿಟಕಿಯ ಹತ್ತಿರಕ್ಕೆ ಹೋಯಿತು. ನನ್ನ ಮರ್ಯಾದೆ ಉಳಿಸಿದವಳೇ ನನ್ನ ಜಾಗದಲ್ಲಿ ಕೂತಳು. ಅವಳಿಗೆ ಥ್ಯಾಂಕ್ಸ್ ಹೇಳಬೇಕೆಂದು ಹೋದವಳು ಕೇಳಿದ್ದೇ ಬೇರೆ.

"ನಾನಲ್ಲ ಅಂತ ನಿಂಗೆಂಗೆ ಗೊತ್ತಾಯ್ತು?"

"ಗೊತ್ತಿರ್ಲಿಲ್ಲ" ಅಂದಳು. "ನೋಡೋ ತಂಕ ಯಾರಾದ್ರೂ ಒಬ್ರು ಅಂಗೆ ಅನ್ಬೇಕಲ್ವಾ?"

ಅವಳ ಜಾಗದಲ್ಲಿ ನಾನಿದ್ದಿದ್ದರೆ ಅನ್ನುತ್ತಿದ್ದೆನೇ? ಇಲ್ಲ. ಅವಳಿಗಿಂತ ನಾನು ಕಡಿಮೆಯೆಂದು ಮೊದಲ ಸಲ ನನಗೆ ಖಚಿತವಾಗಿದ್ದು ಆಗ, ಮತ್ತು ಆ ವಿಷಯದಲ್ಲಿ ಯಾವ ಕೋರ್ಸು ಸೇರಿದರೂ ಪ್ರಯೋಜನವಿರಲಿಲ್ಲ.

ಆರೂ ಕಂಪ್ಯೂಟರುಗಳನ್ನು ಅಳಿಸಿ ಹೊಸದಾಗಿ ತುಂಬಿದೆವು. ಈಮೇಲ್ ತೆರೆಯಬೇಕಾದರೆ ಪಾಸ್‌ವರ್ಡಿನ ಜೊತೆಗೆ ಅಪ್ಪನ ಫೋನಿಗೆ ಬರುವ ಅಂಕೆಯನ್ನೂ ಒತ್ತಬೇಕಾಗುವ ಹಾಗೆ ಅತ್ತಿಗೆ ಮಾಡಿದಳು. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ಯಾರೂ ಯಾರಿಗೂ ಹೇಳುವಂತಿಲ್ಲ. ಅಜ್ಜಿಗೆ ಇದು ಸರಿಬೀಳಲಿಲ್ಲ.

"ಗಂಡಂಗೂ ಯೋಳಿಲ್ವಾ?"

"ಅವ್ರಿಗೆ ಮದ್ಲು ಯೋಳ್ಬಾರ್ದು ಅಜ್ಜಿ. ಊರಿಗೆಲ್ಲ ತಿಳೀತದೆ."

ಅಣ್ಣ ಏಲಕ್ಕಿ ಮೂಟೆಯ ಹಿಂದೆ ನಿಂತು ಕೆಮ್ಮಿದ.

ದೊಡ್ಡ ಪರೀಕ್ಷೆ ಬಂದದ್ದು ಮಾಮನ ರೂಪದಲ್ಲಿ. ಅಮ್ಮನ ಒಡಹುಟ್ಟಿದವರು ಮನೆಗೆ ಬಂದರೆ ನಮ್ಮಲ್ಲಿ ಯಜಮಾನನೇ ಎದ್ದು ಕುರ್ಚಿ ಬಿಡಬೇಕು. ಮಾಮ ಜೇಬಿನಿಂದ ಅದೇ ಪೆನ್‌ಡ್ರೈವ್ ತೆಗೆದುಕೊಂಡು ಬಾಗಿಲ ಕಂಪ್ಯೂಟರಿನ ಕಡೆ ಹೊರಟರು. ಅತ್ತಿಗೆ ಎದ್ದು ಬಂದು ಅಡ್ಡ ನಿಂತಳು. ನಮ್ಮ ಮಾಮ ಅವಳಿಗೆ ವರಸೆಯಲ್ಲಿ ದೊಡ್ಡಪ್ಪ ಆಗುತ್ತಾರೆ.

"ದೊಡ್ಡಪ್ಪಾ, ಅದು ಬ್ಯಾಡ."

"ಏನಮ್ಮಾ, ನಂಗೇ ಬೀಗ ಆಕ್ತೀಯಾ? ನಾನೇನು ಸೊಂದಕಾರನಲ್ವಾ?" ನೆಂಟನಲ್ಲವಾ ಎಂದು ಕೇಳುತ್ತಾ ಮಾಮ ಪೆನ್‌ಡ್ರೈವನ್ನು ಅವಳ ಮುಂದೆ ಚಾಚಿದರು. ಒಳಬಾಗಿಲಲ್ಲಿ ಅಮ್ಮನ ಮುಖ ಸಣ್ಣಗಾಯಿತು. ನನಗೋ, ನಿಜ ಹೇಳಬೇಕೆಂದರೆ, ಒಳಗೊಳಗೆ ಖುಷಿ. ಈಗ ಸಿಕ್ಕಿಬಿದ್ದಳು ಅಂದುಕೊಂಡೆ.

ಅವಳು ಅಪ್ಪನ ಪಕ್ಕದ ತನ್ನ ಕುರ್ಚಿಯನ್ನೇ ಎಳೆದು ತಂದು ಮಾಮನ ಮುಂದೆ ಇಟ್ಟಳು. "ನಿಮಗೆ ಕುರ್ಚಿ ಐತೆ ದೊಡ್ಡಪ್ಪಾ. ಅದಕ್ಕಿಲ್ಲ."

ಮಾಮ ಪೆನ್‌ಡ್ರೈವನ್ನೂ ಕುರ್ಚಿಯನ್ನೂ ನೋಡಿದರು. ಆಮೇಲೆ ಕೂತರು. ಅವಳೇ ಕಾಫಿ ತಂದುಕೊಟ್ಟಳು.

ಮುಂದಿನ ವಾರ ಅವಳು ಬಾಗಿಲ ಕಂಪ್ಯೂಟರನ್ನು ಎತ್ತಿ ಹೊರಗಿನ ಜಗಲಿಗೆ ಸಾಗಿಸಿದಳು. ಅದಕ್ಕೆ ಒಂದು ಹಳೆಯ ಪ್ರಿಂಟರ್ ಕೊಟ್ಟಳು, ಆಫೀಸಿನ ತಂತಿ ಮಾತ್ರ ಕೊಡಲಿಲ್ಲ. "ದಾರಿಹೋಕ್ರು ಕೂರ್ಲಿ ಅಂತ ತಾನೇ ಜಗಲಿ ಕಟ್ಟಿರೋದು? ಮಿಷಿನ್ಗೂ ಒಂದು ಜಗಲಿ ಇರ್ಲಿ." ಇದು ನನಗೆ ಹೊಳೆಯಬೇಕಿತ್ತು. ಹುಟ್ಟಿದಾಗಿನಿಂದ ಆ ಜಗಲಿಯ ಮೇಲೆ ಆಡಿದವಳು ನಾನು. ಮಾಮ ಈಗ ಬಂದರೆ ನೇರ ಅಲ್ಲಿಗೇ ಹೋಗಿ, ಬೇರೆ ನೆಂಟರು ಕೂತಿದ್ದರೆ "ಏಳಪ್ಪಾ, ಇದು ನನ್ಗೋಸ್ಕರ ಆಕಿರೋ ಕಂಪ್ಯೂಟರು" ಎಂದು ಎಬ್ಬಿಸುತ್ತಾರೆ.

ಕಳೆದ ವರ್ಷ ಅಣ್ಣ ದಿಂಡಿಗಲ್ಲಿನಲ್ಲಿ ಇನ್ನೊಂದು ಅಂಗಡಿ ತೆರೆದ. ಅತ್ತಿಗೆಯೂ ಹೊರಟಳು. ಎಲ್ಲ ಕಂಪ್ಯೂಟರುಗಳಿಗೂ ಮೇಲಿನದೊಂದು ಪಾಸ್‌ವರ್ಡ್ ಇದೆ, ಯಾರನ್ನು ಒಳಬಿಡಬೇಕು ಯಾರನ್ನು ಬಿಡಬಾರದು ಎಂದು ಅದರಿಂದಲೇ ತೀರ್ಮಾನ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು. ಹೋಗುವಾಗ ಅಪ್ಪನಿಗೆ ಹೇಳಿ ಹೋಗುತ್ತಾಳೆ ಎಂದುಕೊಂಡಿದ್ದೆವು. ಸಾಮಾನು ವ್ಯಾನಿಗೆ ಏರಿದ ಮೇಲೆ ಅವಳು ನನ್ನನ್ನು ಕರೆದು, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಹಳೆಯ ಪಾಸ್‌ವರ್ಡನ್ನು ತಾನೇ ಒತ್ತಿ, ಹೊಸದನ್ನು ಬರೆಯುವ ಜಾಗ ತೆರೆದುಕೊಟ್ಟು, ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ತಿರುಗಿಸಿದಳು.

"ಆಕು ಪಾಪಾ. ನಂಗೂ ಯೋಳ್ಬ್ಯಾಡ."

ನಾನು ತುಂಬ ಹೊತ್ತು ತೆಗೆದುಕೊಂಡೆ. ಅವಳು ತಿರುಗಲಿಲ್ಲ. ಯಾವುದೋ ಹಬ್ಬದ ದಿನವನ್ನು ಹುಡುಕುವವಳ ಹಾಗೆ ಕ್ಯಾಲೆಂಡರನ್ನೇ ನೋಡುತ್ತಿದ್ದಳು. ಮುಗಿಯಿತು ಅಂದಾಗ, ಹಣೆಯ ಬೊಟ್ಟನ್ನು ಕಿತ್ತು ನನ್ನ ಲ್ಯಾಪ್‌ಟಾಪಿನ ಕಣ್ಣಿಗೆ ಅಂಟಿಸಿ, ಬರೀ ಹಣೆಯಲ್ಲೇ ವ್ಯಾನ್ ಹತ್ತಿದಳು. ಅಜ್ಜಿ ಹಿಂದಿನಿಂದ ಕೂಗುತ್ತಲೇ ಇದ್ದಳು.

ಕುರ್ಚಿ ಮತ್ತೆ ನನ್ನದಾಗಿದೆ. ಅಪ್ಪ ಈಗಲೂ ವಾರಕ್ಕೆರಡು ಸಲವಾದರೂ "ದಿಂಡಿಗಲ್ಗೆ ಫೋನ್ ಆಕಿ ಕೇಳು" ಅನ್ನುತ್ತಾರೆ. ನಾನು ಈಗಲೂ ಗೆರೆ ಎಳೆಯುತ್ತೇನೆ.

ಹೋದ ತಿಂಗಳು ಬಿಲ್ಲು ಬರೆಯಲು ಹೊಸಬಳೊಬ್ಬಳು ಸೇರಿದಳು. ಅವಳಿಗೊಂದು ಕಂಪ್ಯೂಟರ್ ಕೊಟ್ಟು, ಹೊಸ ಪಾಸ್‌ವರ್ಡಿನ ಜಾಗ ತೆರೆದು, "ಹಾಕಮ್ಮಾ, ನನಗೂ ಹೇಳಬೇಡ" ಅಂದೆ. ಅತ್ತಿಗೆ ತಿರುಗಿದ ಹಾಗೆಯೇ ಕ್ಯಾಲೆಂಡರಿನ ಕಡೆಗೆ ತಿರುಗಿದೆ. ಕಣ್ಣು ಗೋಡೆಯ ಮೇಲಿತ್ತು. ಕಿವಿ ಮಾತ್ರ ನನ್ನ ಮಾತು ಕೇಳದೆ, ಹಿಂದಿನಿಂದ ಬರುತ್ತಿದ್ದ ಕೀಲಿಯ ಸದ್ದನ್ನು ಒಂದೊಂದಾಗಿ ಎಣಿಸುತ್ತಿತ್ತು. ಅತ್ತಿಗೆ ಎಣಿಸಿರಲಿಕ್ಕಿಲ್ಲ.