ಒಳಗಿನ ಹೊಲಿಗೆ

ಹೊರಗಿನ ಹೊಲಿಗೆ ಬಿಚ್ಚಿದ ದಿನವೇ ನನ್ನ ಮೊಣಕಾಲು ವಾಸಿಯಾಯಿತೆಂದು ಬಂಧುಬಳಗ ತೀರ್ಮಾನಿಸಿತು. ಒಳಗೆ ಇನ್ನೊಂದು ಹೊಲಿಗೆ ಇದೆಯೆಂದು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪತ್ರಿಕೆಯ ವರದಿಗೆಂದು ನವಲಿ ಕಡೆ ಹೋದಾಗ ಕಾಲುವೆಯ ಏರಿಯಿಂದ ಜಾರಿದ್ದೆ. ಎರಡು ಎಲುಬುಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿತ್ತು. ಗಂಗಾವತಿಯ ವೈದ್ಯರು ಅದನ್ನು ಕತ್ತರಿಸಿ ತೆಗೆಯದೆ ಹೊಲಿದರು.

"ಅಲ್ಲಿಗೆ ರಕ್ತ ಹೋಗೂದ ಕಡಿಮಿ. ನಿಧಾನಕ್ಕ ಕೂಡತೈತಿ. ಆರು ತಿಂಗಳು ನೆಲದ ಮ್ಯಾಲೆ ಕುಂದರಬ್ಯಾಡ್ರಿ, ಹೊಲಿಗಿ ಕಿತ್ತು ಬರತೈತಿ," ಎಂದಿದ್ದರು.

ಊರುಗೋಲು ಬಿಟ್ಟು ಸ್ವಲ್ಪ ದಿನಕ್ಕೆ ಹನುಮಸಾಗರದಲ್ಲಿ ಸೋದರಮಾವನ ಹೊಸ ಮನೆಯ ಪ್ರವೇಶ. ಊಟಕ್ಕೆ ಪಂಕ್ತಿ ಹಾಕಿದ್ದರು. ನಾನು ಕುರ್ಚಿ ಕೇಳಿದೆ.

"ಏ, ಸಾಹೇಬ್ರಿಗೆ ಸಿಂಹಾಸನ ತರ್ರಿ!" ಎಂದ ಮಾವ. ಪಂಕ್ತಿಯೆಲ್ಲ ನಕ್ಕಿತು.

"ಮಾವಾ, ಒಳಗಿನ ಹೊಲಿಗಿ ಇನ್ನೂ ಕೂಡಿಲ್ಲ."

"ಹೊಲಿಗಿ ಬಿಚ್ಚ್ಯಾರಂದ್ರ ಗಾಯ ಮಾಯ್ದೈತಿ. ಮಡಚಲಿಲ್ಲಂದ್ರ ಕಾಲು ಕಟ್ಟಿಗಿ ಆಕ್ಕೈತಿ. ನಾ ಅದೀನಿ, ಕುಂದ್ರು."

ಹೇಳುತ್ತಲೇ ನನ್ನ ಹೆಗಲ ಮೇಲೆ ಎರಡೂ ಕೈ ಊರಿ ಒತ್ತಿದ. ಕಾಲು ಪೂರ್ತಿ ಮಡಚಿತು. ಒಳಗೆ ಏನೋ ಚಟ್ ಎಂದಿತು. ಬಡಿಸುವವರು ನನ್ನ ಎಲೆಗೆ ಹೋಳಿಗೆ ಹಾಕಿ ಮುಂದೆ ಹೋದರು.

ಹೊಲಿಗೆ ಕಿತ್ತಿತ್ತು. ಮತ್ತೆ ಶಸ್ತ್ರಚಿಕಿತ್ಸೆ. ಈ ಸಲ ಹೊಲಿಯುವಂಥದ್ದೇನೂ ಉಳಿದಿರಲಿಲ್ಲ; ಹರಿದ ಭಾಗವನ್ನು ಕತ್ತರಿಸಿ ತೆಗೆದರು. ಕೂಡಬೇಕಾದದ್ದೇ ಇಲ್ಲದ ಮೇಲೆ ಕಾಯುವುದೂ ಇಲ್ಲ. ಕೆಲವೇ ದಿನಗಳಲ್ಲಿ ಆಸರೆಯಿಲ್ಲದೆ ನಡೆದೆ. ಮೆತ್ತೆ ಕಡಿಮೆಯಾದ ಕೀಲು ಬೇಗ ಸವೆಯಬಹುದು ಎಂದು ವೈದ್ಯರು ಹೇಳಿ ಕಳಿಸಿದರು.

ನೋಡಲು ಬಂದ ಮಾವ ನನ್ನ ನಡಿಗೆ ಕಂಡು ಪಕ್ಕದ ಮನೆಯವರನ್ನೇ ಕರೆದ.

"ನೋಡ್ರಿ, ಹೆಂಗ ನಡ್ಯಾಕತ್ತಾನ! ಅವತ್ತು ನಾ ಒತ್ತಿ ಕುಂದ್ರಿಸಿದ್ದಕ್ಕ ಇದು. ಆ ಡಾಕ್ಟ್ರ ಮಾತು ಕೇಳಿದ್ರ ಇನ್ನೂ ಕುರ್ಚಿ ಹುಡಕ್ತಿದ್ದ."

ಕತ್ತರಿಸಿದ್ದಕ್ಕೂ ಹೊಲಿದದ್ದಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿಯೇ ವಿವರಿಸಿದೆ. ಮಾವ ತಲೆಯಾಡಿಸುತ್ತ ಕೇಳಿದ. "ಏನರ ಅನ್ನು, ನಡ್ಯಾಕತ್ತೀಯಲ್ಲ?" ಎಂದ. ಪಕ್ಕದ ಮನೆಯವರು ಅವನನ್ನೇ ಮೆಚ್ಚಿಕೊಂಡು ಚಹಾ ಕುಡಿದರು. ಅದಾದ ಮೇಲೆ ಯಾವ ಮದುವೆಗೆ ಹೋದರೂ ನನ್ನ ಕಾಲೇ ಅವನ ಸಾಕ್ಷಿ.

ಕುಷ್ಟಗಿಯಲ್ಲಿ ನಮ್ಮ ಬೀಗರ ಮಗಳ ಮೊಣಕಾಲಿಗೂ ಇದೇ ಹೊಲಿಗೆ ಬಿದ್ದಿದೆ. ಹೊರಗಿನದು ಬಿಚ್ಚಿದ್ದಾರೆಂದು ತಿಳಿದು ಮಾವ ಮೊನ್ನೆ ಬೆಳಗಿನ ಬಸ್ಸಿಗೆ ಹೊರಟ. ನಾನು ಬೀಗರಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಕೇಳಲಿಲ್ಲ.

"ಮಾವ ಬರಾಕತ್ತಾನ. ಹುಡುಗಿ ಇರೂ ಕೋಣಿಗೆ ಕೀಲಿ ಹಾಕ್ರಿ," ಎಂದೆ.