ಉತ್ತಮ ಅರ್ಧ ನೋಡಿದ ನಾಟಕ

ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದ ಉತ್ತಮನಿಗೆ ಇನ್ನೊಂದು ಕೆಲಸವೂ ಇತ್ತು. ಅವನ ಊರು ಖಟಕ ಚಿಂಚೋಳಿಯಲ್ಲಿ ವರ್ಷಕ್ಕೊಮ್ಮೆ ಆಡುವ ನಾಟಕಕ್ಕೆ ಅವನೇ ಪ್ರಾಂಪ್ಟರ್. ಸೈಡ್ ವಿಂಗಿನ ಮರೆಯಲ್ಲಿ ನಾಟಕದ ಪ್ರತಿ ಹಿಡಿದು ನಿಂತು, ಪಾತ್ರಧಾರಿ ಮಾತು ಮರೆತಾಗ ಮೊದಲ ಶಬ್ದವನ್ನಷ್ಟೇ ಎತ್ತಿಕೊಡುವುದು. ಪೂರ್ತಿ ಸಾಲು ಹೇಳಿದರೆ ಜನರಿಗೂ ಕೇಳಿಸುತ್ತದೆ. ಮೈಕಿನಲ್ಲಿ ಬಸ್ಸು ಕೂಗುವ ಮನುಷ್ಯ ಇಷ್ಟು ಮೆತ್ತಗೆ ಹೇಗೆ ಮಾತಾಡುತ್ತಾನೆ ಎಂದು ಊರವರು ನಗುತ್ತಿದ್ದರು.

ಹೆಂಡತಿ ಮಾಯಾ ಅಂಗನವಾಡಿ ಟೀಚರ್. ಮದುವೆಯಾಗಿ ಮೂವತ್ನಾಲ್ಕು ವರ್ಷವಾದರೂ ಇಬ್ಬರೂ ಒಟ್ಟಿಗೆ ಕೂತು ನಾಟಕ ನೋಡಿದ್ದಿಲ್ಲ. ಅವಳು ಹೆಂಗಸರ ನಡುವೆ ಚಾಪೆಯ ಮೇಲೆ, ಅವನು ಪರದೆಯ ಹಿಂದೆ.

ಹೋದ ಜನವರಿಯಲ್ಲಿ ಬೀದರ್, ಭಾಲ್ಕಿ, ಔರಾದ ಕಡೆಯ ಹದಿನಾಲ್ಕು ಮಂದಿ ಬೌದ್ಧರು ಶ್ರೀಲಂಕಾ ಯಾತ್ರೆಗೆ ಹೊರಟಾಗ ಇವರೂ ಹೊರಟರು. ಅನುರಾಧಪುರದಲ್ಲಿ ಬೋಧಿವೃಕ್ಷದ ದರ್ಶನವಾದ ಮೇಲೆ ಗೈಡ್ ಹಿಂದಿಯಲ್ಲಿ ಒಂದು ಸುದ್ದಿ ಹೇಳಿದ. ಪಕ್ಕದ ಊರಿನಲ್ಲಿ ಮಧ್ಯಾಹ್ನ ಮೂರಕ್ಕೆ ಸಂಗೀತ ನಾಟಕವಿದೆ; ಸಂಘಮಿತ್ರೆ ಬೋಧಿಯ ಸಸಿಯನ್ನು ಹಡಗಿನಲ್ಲಿ ಈ ದ್ವೀಪಕ್ಕೆ ತಂದ ಕಥೆ.

“ಅವರ ಭಾಷಿ ನಮಗೆಲ್ಲಿ ತಿಳೀತದ?” ಎಂದ ಉತ್ತಮ.

“ಕಥಿ ಗೊತ್ತದಲ್ರಿ, ಸಾಕು,” ಎಂದರು ಔರಾದಿನ ಕೌಸಲ್ಯಾಬಾಯಿ. ಅವರು ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು.

ಮಾಯಾ ಎರಡನೇ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಳು. “ಇವತ್ತ ನೀವು ನನ್ನ ಬಾಜೂಕ ಕೂಡ್ರಿ,” ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದಳು.

ನಾಟಕ ನೀರಸವಾಗಿತ್ತು. ಹಾರ್ಮೋನಿಯಂ ಪೇಟಿಯಿಲ್ಲ, ತಬಲಾ ಇಲ್ಲ. ಮೂಲೆಯ ಸ್ಪೀಕರಿನಿಂದ ಹಾಡು ಬರುತ್ತಿತ್ತು, ವೇದಿಕೆಯ ಮೇಲಿದ್ದವರು ಬಾಯಿ ಆಡಿಸುತ್ತಿದ್ದರು. ಅದೂ ಹಾಡು ಮುಂದೆ, ಬಾಯಿ ಹಿಂದೆ. ಸಖಿಯರ ಕುಣಿತ ನಾಲ್ಕು ಹಾಡಿನವರೆಗೆ ನಡೆಯಿತು. ಅರ್ಧ ಸಭಾಂಗಣ ಖಾಲಿ. ಅಷ್ಟರಲ್ಲಿ ಸ್ಪೀಕರ್ ನಿಂತು ರಾಜನ ಪಾತ್ರದವನು ಬಾಯಿಯಿಂದಲೇ ಮಾತಾಡುವ ದೃಶ್ಯ ಬಂತು. ಅವನು ಎರಡು ಸಾಲು ಹೇಳಿ ನಿಂತ. ಎಡಗೈ ಶಲ್ಯದ ಅಂಚನ್ನು ಹೊಸೆಯತೊಡಗಿತು.

ಮರೆತ, ಎಂದು ಉತ್ತಮನಿಗೆ ತಕ್ಷಣ ಗೊತ್ತಾಯಿತು.

ವಿಂಗಿನಿಂದ ಒಂದು ಹೆಣ್ಣುದನಿ ಇಡೀ ಸಾಲನ್ನು ಜೋರಾಗಿ ಹೇಳಿತು. ಮುಂದೆ ಕೂತವರು ನಕ್ಕರು. ರಾಜ ಇನ್ನಷ್ಟು ತೊದಲಿದ. ಮತ್ತೆ ಹಾಗೇ ಆಯಿತು. ಉತ್ತಮ ಎದ್ದ.

“ಎಲ್ಲಿ ಹೊಂಟ್ರಿ?”

“ಈಗ ಬರ್ತೇನಿ.”

ಪಕ್ಕದ ಬಾಗಿಲಿನಿಂದ ಹೋದರೆ ವಿಂಗಿನಲ್ಲಿ ಒಬ್ಬ ಯುವತಿ ನೋಟ್‌ಬುಕ್ ಹಿಡಿದು ಬೆವರುತ್ತ ನಿಂತಿದ್ದಳು. ಅದರ ಗುಂಡನೆಯ ಅಕ್ಷರಗಳಲ್ಲಿ ಒಂದೂ ಅವನಿಗೆ ಬಾರದು. ಸಾಲಿನ ಮೊದಲ ಶಬ್ದದ ಮೇಲೆ ಬೆರಳಿಟ್ಟು ತೋರಿಸಿದ. ಇಷ್ಟೇ, ಎಂದು ಕೈಸನ್ನೆ ಮಾಡಿದ. ಆಮೇಲೆ ರಾಜನನ್ನೇ ನೋಡುತ್ತ ನಿಂತ. ಅವನ ಕೈ ಶಲ್ಯಕ್ಕೆ ಹೋದ ಕೂಡಲೇ ಬೆರಳೆತ್ತಿದ. ಅವಳು ಒಂದೇ ಶಬ್ದ, ಮೆತ್ತಗೆ, ಹೇಳಿದಳು. ರಾಜ ಮಾತು ಹಿಡಿದುಕೊಂಡು ಮುಂದೆ ಹೋದ. ಹೀಗೆ ಒಂದೂವರೆ ತಾಸು ನಡೆಯಿತು. ನಾಟಕವೇನೂ ಸುಧಾರಿಸಲಿಲ್ಲ. ರಾಜನನ್ನು ನೋಡಿ ಮಾತ್ರ ಮತ್ತೆ ಯಾರೂ ನಗಲಿಲ್ಲ.

ಹೊರಗೆ ಬಸ್ಸಿನ ಹತ್ತಿರ ಮಾಯಾ ಒಬ್ಬಳೇ ನಿಂತಿದ್ದಳು.

“ನಾಟಕ ಭಾಳ ಖರಾಬ್ ಇತ್ತು. ಅದಕ್ಕ ನನಗ ಸಿಟ್ಟಿಲ್ರಿ. ಮೂವತ್ನಾಲ್ಕು ವರ್ಷಕ್ಕ ಒಂದಿನ ಬಾಜೂಕ ಕುಂತಿದ್ರಿ. ಅದೂ ಅರ್ಧ ತಾಸು.”

“ಅಂವ ಮಾತು ಮರೀಲಕತ್ತಿದ್ದ...”

“ಮರೀಲಿ. ಅಂವ ನಿಮಗೇನಾಗಬೇಕು?”

ಅವಳು ಬಸ್ಸು ಹತ್ತಿದಳು.

ಎರಡು ದಿನ ಅವಳು ಬಸ್ಸಿನಲ್ಲಿ ಕೌಸಲ್ಯಾಬಾಯಿಯ ಪಕ್ಕದಲ್ಲೇ ಕೂತಳು. ಮೂರನೆಯ ದಿನ ಕ್ಯಾಂಡಿಯ ಘಾಟಿಯಲ್ಲಿ ಕೌಸಲ್ಯಾಬಾಯಿ ಹೊಟ್ಟೆ ತೊಳಸುತ್ತದೆಂದು ಡ್ರೈವರ್ ಹಿಂದಿನ ಸೀಟಿಗೆ ಹೋದರು. ಉತ್ತಮ ಮೆಲ್ಲಗೆ ಬಂದು ಆ ಜಾಗದಲ್ಲಿ ಕೂತ. ಮಾಯಾ ಕಿಟಕಿಯ ಕಡೆಗೇ ನೋಡುತ್ತಿದ್ದಳು.

“ಹಡಗು ಬಂದಾಗ ಜನ ಯಾಕ ನಕ್ಕರು? ನಾ ರಾಜನ್ನ ನೋಡ್ಲಕತ್ತಿದ್ದೆ, ನನಗ ಕಾಣಲಿಲ್ಲ,” ಎಂದ ಉತ್ತಮ.

ಅವಳು ಈಚೆ ತಿರುಗಿ, “ಹಗ್ಗ ಜಗ್ಗಿದವರು ಉಲ್ಟಾ ಜಗ್ಗಿದ್ರು. ಹಡಗು ಹಿಂದ ಹೋಯ್ತು, ಸಂಘಮಿತ್ರಾ ಸಮುದ್ರದಾಗ ನಡಕೋತ ಬಂದಳು,” ಎಂದಳು. ಹೇಳುತ್ತಲೇ ನಗು ತಡೆಯಲಾಗದೆ ಬಾಯಿಗೆ ಸೆರಗು ಹಿಡಿದಳು.

ಅಲ್ಲಿಂದ ಒಂದೊಂದಾಗಿ ಎಲ್ಲ ಹೇಳಿದಳು: ಮಂತ್ರಿಯ ಮೀಸೆ ಜಾರಿದ್ದು, ಸಖಿಯೊಬ್ಬಳು ಕೈಗಡಿಯಾರ ಕಟ್ಟಿಕೊಂಡೇ ಬಂದದ್ದು, ಮುಂದಿನ ಸಾಲಿನ ಅಜ್ಜಿ ಸಸಿ ಬಂದ ಕೂಡಲೇ ಎದ್ದು ಕೈಮುಗಿದದ್ದು. ಉತ್ತಮ ಕೇಳುತ್ತ ಹೋದ. ನಾಟಕವೆಂದರೆ ವಿಂಗಿನಿಂದ ಅವನು ಕಂಡದ್ದು ಪಾತ್ರಧಾರಿಗಳ ಒಂದು ಕಿವಿ, ಒಂದು ಭುಜ.

“ನಮ್ಮೂರ ನಾಟಕದಾಗೂ ಹಿಂಗ ಇರ್ತದೇನು?”

“ಇರ್ತದ್ರಿ. ನಿಮಗ ಯಾರು ಹೇಳ್ಬೇಕು?”

ಊರಿನ ಮೇ ತಿಂಗಳ ನಾಟಕದಲ್ಲಿ ಮೊದಲ ಅಂಕಕ್ಕೆ ಉತ್ತಮನೇ ಪರದೆಯ ಹಿಂದೆ ನಿಂತ. ಎರಡನೇ ಅಂಕಕ್ಕೆ ಪ್ರತಿಯನ್ನು ಊರಿನ ಹೈಸ್ಕೂಲ್ ಟೀಚರ್ ಕರುಣಾಳ ಕೈಗೆ ಕೊಟ್ಟು ಬಂದು ಮಾಯಾಳ ಚಾಪೆಯ ಮೇಲೆ ಕೂತ. ಕೂತಲ್ಲೇ ಅವನ ತುಟಿಗಳು ಅಲುಗುತ್ತಿದ್ದವು. ಅವಳು ಅದನ್ನು ನೋಡುತ್ತಲೇ ಶೇಂಗಾ ಸುಲಿದು ಅವನ ಅಂಗೈಗೆ ಹಾಕುತ್ತಿದ್ದಳು.